ಸ್ಲ್ಯಾಬ್ ಒಡೆಯುವ ಮೊದಲೇ ತಪ್ಪು ಹಿಡಿಯುವ ‘ಬಿಮ್’: ನಮ್ಮ ಹುಡುಗರು ಕಲಿಯಬೇಕಾದ ವಿದ್ಯೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಮನೆ ಕಟ್ಟಿಸಿದವರಿಗೆ ಇದು ಹೊಸದೇನಲ್ಲ. ಸ್ಲ್ಯಾಬ್ ಹಾಕಿ ಆಗಿದೆ, ಪ್ಲಂಬರ್ ಬರುತ್ತಾನೆ, ಪೈಪ್ ಹೋಗಬೇಕಾದ ಜಾಗದಲ್ಲೇ ಬೀಮ್ ಇದೆ. ಗೌಂಡಿ ಇಂಜಿನಿಯರ್ ಮುಖ ನೋಡುತ್ತಾನೆ, ಇಂಜಿನಿಯರ್ ಪ್ಲ್ಯಾನ್ ನೋಡುತ್ತಾನೆ. ಕೊನೆಗೆ ಕಾಂಕ್ರೀಟ್ ಒಡೆಯಬೇಕು, ದುಡ್ಡು ಹೋಗುವುದು ಮನೆ ಯಜಮಾನನದ್ದು.

ಕಾರಣ ಸರಳ. ಆರ್ಕಿಟೆಕ್ಟ್ ನಕ್ಷೆ ಬೇರೆ, ಕಂಬಿಯ ನಕ್ಷೆ ಬೇರೆ, ನೀರು-ಕರೆಂಟಿನ ನಕ್ಷೆ ಬೇರೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡುವವರು ಕಡಿಮೆ. ಇವನ್ನೆಲ್ಲ ಕಂಪ್ಯೂಟರ್‌ನಲ್ಲಿ ಒಂದೇ ಕಟ್ಟಡವಾಗಿ ಕೂರಿಸುವ ಕ್ರಮಕ್ಕೆ ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್ ಅನ್ನುತ್ತಾರೆ. ಚಿಕ್ಕದಾಗಿ ಬಿಮ್.

ಇದು ಬರೀ 3ಡಿ ಚಿತ್ರ ಅಂತ ತಿಳಿಯಬೇಡಿ. ಆಟೋಕ್ಯಾಡ್ ನಕ್ಷೆಯಲ್ಲಿ ಗೋಡೆ ಅಂದರೆ ಎರಡು ಗೆರೆ. ಬಿಮ್‌ನಲ್ಲಿ ಆ ಗೋಡೆಯ ದಪ್ಪ ಎಷ್ಟು, ಇಟ್ಟಿಗೆಯೋ ಬ್ಲಾಕೋ, ಪ್ಲಾಸ್ಟರ್ ಎಷ್ಟು ಅನ್ನುವ ಮಾಹಿತಿಯೂ ಒಳಗೇ ಇರುತ್ತದೆ. ಒಂದು ಕಿಟಕಿ ಸರಿಸಿದರೆ ಪ್ಲ್ಯಾನ್, ಎಲಿವೇಶನ್, ಸೆಕ್ಷನ್ ಎಲ್ಲವೂ ತಾವಾಗಿ ಬದಲಾಗುತ್ತವೆ. ಪೈಪ್ ಬೀಮಿಗೆ ಡಿಕ್ಕಿಯಾದರೆ ಸಾಫ್ಟ್‌ವೇರ್ ಪರೀಕ್ಷಿಸಿ ತೋರಿಸುತ್ತದೆ. ಇದಕ್ಕೆ ಕ್ಲ್ಯಾಶ್ ಡಿಟೆಕ್ಷನ್ ಅಂತ ಹೆಸರು. ಕೆಲಸದ ವೇಳಾಪಟ್ಟಿ ಸೇರಿಸಿದರೆ 4ಡಿ, ಖರ್ಚೂ ಸೇರಿದರೆ 5ಡಿ. ನಾಗಪುರ ಮೆಟ್ರೋ ಕಾಮಗಾರಿಯಲ್ಲಿ 5ಡಿ ಬಿಮ್ ಬಳಸಿದ್ದಾರೆ.

ಸಣ್ಣ ಮನೆಗೆ ಇಷ್ಟೆಲ್ಲ ಬೇಕಾ ಅಂತ ಕೇಳಬಹುದು. ಬ್ಯಾಡಗಿಯ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ನೆನಪು ಮಾಡಿಕೊಳ್ಳಿ. ತಂಪು ಹೊರಹೋಗದ ಗೋಡೆ, ಕೂಲಿಂಗ್ ಪೈಪು, ವೈರಿಂಗ್, ಬಾಗಿಲು ಎಲ್ಲ ಒಂದಕ್ಕೊಂದು ಹೊಂದಬೇಕು. ಇಂಥ ಕಟ್ಟಡದಲ್ಲಿ ಒಂದು ತಪ್ಪು ಸರಿಪಡಿಸುವುದಕ್ಕೆ ಬೀಳುವ ಖರ್ಚು ಸಣ್ಣದಲ್ಲ.

ನಮ್ಮ ಬ್ಯಾರಿ ಮನೆಗಳಿಗೆ ಇದು ಹತ್ತಿರದ ಮಾತಾಗುವುದು ಗಲ್ಫ್‌ನಿಂದ. ದುಬೈ ಮುನ್ಸಿಪಾಲಿಟಿ 2013ರಲ್ಲೇ ಸುತ್ತೋಲೆ ಹೊರಡಿಸಿ, 2014ರಿಂದ 40 ಮಹಡಿ ಮೀರಿದ ಕಟ್ಟಡ, 3 ಲಕ್ಷ ಚದರ ಅಡಿ ಮೀರಿದ ಯೋಜನೆ, ಆಸ್ಪತ್ರೆ, ವಿಶ್ವವಿದ್ಯಾಲಯಗಳಿಗೆ ಬಿಮ್ ಕಡ್ಡಾಯ ಮಾಡಿತು. 2015ರಲ್ಲಿ ಈ ಮಿತಿಯನ್ನು 20 ಮಹಡಿ, 2 ಲಕ್ಷ ಚದರ ಅಡಿಗೆ ಇಳಿಸಿತು. ಬ್ರಿಟನ್ ಸರ್ಕಾರ 2016ರಿಂದ ತನ್ನ ಕೇಂದ್ರ ಯೋಜನೆಗಳಿಗೆ ಇದನ್ನೇ ಕೇಳಿತು. ಆಟೋಕ್ಯಾಡ್ ಒಂದನ್ನೇ ಕಲಿತು ವೀಸಾಕ್ಕೆ ಕಾಯುವ ಹುಡುಗ ಇಂಥ ಕಡೆ ಹಿಂದೆ ಬೀಳುತ್ತಾನೆ.

ಕಲಿಯುವ ದಾರಿ ಹೀಗಿರಲಿ. ಮೊದಲು ನಕ್ಷೆ ಓದುವುದು, ಸೈಟಿನಲ್ಲಿ ನಿಂತು ಕೆಲಸ ನೋಡುವುದು. ಗೌಂಡಿ ಕೆಲಸ, ಸೆಂಟ್ರಿಂಗ್ ಕಂಡವನಿಗೆ ಇದು ಬೇಗ ತಲೆಗೆ ಹೋಗುತ್ತದೆ. ನಂತರ ರೆವಿಟ್: ಲೆವೆಲ್, ಗ್ರಿಡ್, ಗೋಡೆ, ಬಾಗಿಲು, ಸ್ಲ್ಯಾಬ್, ಕೊನೆಗೆ ಶೆಡ್ಯೂಲ್ ಮತ್ತು ಶೀಟ್. ಆಮೇಲೆ ಕ್ಲ್ಯಾಶ್ ನೋಡುವ ನೇವಿಸ್‌ವರ್ಕ್ಸ್. ಟೇಪ್ ಹಿಡಿದು ಸ್ವಂತ ಮನೆ ಅಳೆದು ಮಾಡೆಲ್ ಮಾಡಿದರೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

ಹಾವೇರಿ ದೇವಗಿರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ರಾಣೆಬೆನ್ನೂರಿನ ಎಸ್‌ಟಿಜೆಐಟಿಯಂಥ ಕಡೆ ಓದುವ ಮಕ್ಕಳು ವಿದ್ಯಾರ್ಥಿ ಅಂತ ದಾಖಲೆ ಕೊಟ್ಟರೆ ಆಟೋಡೆಸ್ಕ್ ಕಂಪನಿ ರೆವಿಟ್ ಅನ್ನು ಒಂದು ವರ್ಷ ಉಚಿತ ಕೊಡುತ್ತದೆ. ಓದು ಮುಗಿಯುವ ತನಕ ನವೀಕರಿಸಬಹುದು. ಫ್ರೀಕ್ಯಾಡ್ ಎಲ್ಲರಿಗೂ ಉಚಿತ. ಕಳ್ಳ ಕಾಪಿಯ ಹಂಗು ಬೇಡ. ವಿಂಡೋಸ್ ಇರುವ, 16 ಜಿಬಿ ರ‍್ಯಾಮ್‌ನ ಕಂಪ್ಯೂಟರ್ ಇದ್ದರೆ ಶುರು ಮಾಡಬಹುದು. ಕುಳಿತು ಮಾಡುವ ಕೆಲಸವಾದ್ದರಿಂದ ಸಿವಿಲ್ ಓದಿದ ಹೆಣ್ಣುಮಕ್ಕಳಿಗೂ ಒಪ್ಪುತ್ತದೆ.

ಉಮ್ಮ-ಬಾಪಂದಿರಿಗೆ ಒಂದು ಮಾತು. ಫೀಸ್ ಕಟ್ಟುವ ಮೊದಲು ಕೇಳಿ: ಕಲಿಸುವವರು ನಿಜವಾದ ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡಿದ್ದಾರಾ? ಕೋರ್ಸ್ ಮುಗಿದಾಗ ಮಗನ ಕೈಯಲ್ಲಿ ತಾನೇ ಮಾಡಿದ ಪೂರ್ತಿ ಮಾಡೆಲ್ ಇರುತ್ತದಾ? ಸಂಸ್ಥೆ ಕೊಡುವ ಸರ್ಟಿಫಿಕೇಟ್ ಬೇರೆ, ಆಟೋಡೆಸ್ಕ್ ಪರೀಕ್ಷೆ ಪಾಸಾಗಿ ಸಿಗುವ ಸರ್ಟಿಫಿಕೇಟ್ ಬೇರೆ. ‘ಕೆಲಸ ಗ್ಯಾರಂಟಿ’ ಅಂದ ಕಡೆ ಎರಡು ಸಲ ಯೋಚಿಸಿ. ಇಂಟರ್‌ವ್ಯೂನಲ್ಲಿ ಸರ್ಟಿಫಿಕೇಟ್ ನೋಡಿದ ಮೇಲೂ ‘ನೀನು ಮಾಡಿದ್ದು ತೋರಿಸು’ ಅನ್ನುತ್ತಾರೆ. ತೋರಿಸುವುದಕ್ಕೆ ಮಗನ ಹತ್ತಿರ ಏನಾದರೂ ಇರಲಿ.