ಒಣಗಿದ ಹಳ್ಳಕ್ಕೂ ಕಾನೂನುಂಟು, ಸ್ವಾಮಿ!

2021ರ ಅಕ್ಟೋಬರ್ 11ರ ರಾತ್ರಿ ನೆನಪಿದೆಯಾ? ದೇವನಹಳ್ಳಿ ವಿಮಾನ ನಿಲ್ದಾಣದ ಮುಂದಿನ ರಸ್ತೆ ಹಳ್ಳವಾಗಿ ಹೋಗಿತ್ತು. ಕಾರು ಮುಂದಕ್ಕೆ ಹೋಗದೆ, ವಿಮಾನ ಹಿಡಿಯಬೇಕಾದ ಜನ ಪೆಟ್ಟಿಗೆ ಸಮೇತ ಟ್ರ್ಯಾಕ್ಟರ್ ಹತ್ತಿ ಟರ್ಮಿನಲ್ ಸೇರಿಕೊಂಡರು. ಆ ಫೋಟೋ ದೇಶವೆಲ್ಲ ಸುತ್ತಿತು. ಸಾವಿರಾರು ರೂಪಾಯಿ ಟಿಕೆಟ್ಟಿನವರಿಗೂ ನಮ್ಮ ಟ್ರ್ಯಾಕ್ಟರೇ ಗತಿಯಾಯ್ತಲ್ಲ ಅಂತ ನಾವೂ ನಕ್ಕೆವು. ಆಮೇಲೆ ನೀರು ಇಳಿಯಿತು.

ಇಳಿದು ಎಲ್ಲಿಗೆ ಹೋಯಿತು? ಅದನ್ನು ಮಾತ್ರ ಯಾರೂ ಕೇಳಲಿಲ್ಲ.

ನಮ್ಮ ಸೀಮೆಯ ಹಳಬರಿಗೆ ಇದು ಗೊತ್ತು. ನಂದಿ ಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿಗೆ ನದಿ ಅನ್ನೋ ಹೆಸರಿದ್ದರೂ ನೀರು ಕಾಣೋದು ಮಳೆಗಾಲದಲ್ಲೇ. ಹೀಗಾಗಿ ಹಿಂದಿನವರು ನಂಬಿದ್ದು ಕೆರೆಗಳನ್ನು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ. ಕನ್ನಮಂಗಲ, ಬೆಟ್ಟಕೋಟೆ, ಚಿಕ್ಕಜಾಲ, ಬಾಗಲೂರು, ಎಲ್ಲ ಕಡೆಯೂ ಇದೇ ಲೆಕ್ಕ. ಈ ಕೆರೆಗಳ ನಡುವೆ ಸುಮಾರು 4 ಸಾವಿರ ಎಕರೆಯ ವಿಮಾನ ನಿಲ್ದಾಣ ಬಂತು. 2008ರ ಮೇನಲ್ಲಿ ಮೊದಲ ವಿಮಾನ ಹಾರಿತು. 2019ರ ಡಿಸೆಂಬರ್‌ನಲ್ಲಿ ಎರಡನೇ ರನ್‌ವೇ, 2022ರ ನವೆಂಬರ್‌ನಲ್ಲಿ ಎರಡನೇ ಟರ್ಮಿನಲ್ಲಿನ ಉದ್ಘಾಟನೆ. 2024ರಲ್ಲಿ ಪ್ರಯಾಣಿಕರ ಸಂಖ್ಯೆ 4 ಕೋಟಿ ದಾಟಿತು. ಬೆಳೆಯಲಿ, ಬೇಡ ಅಂದವರಾರು? ನಮ್ಮ ಹುಡುಗರಿಗೂ ಅಲ್ಲಿ ಕೆಲಸ ಸಿಕ್ಕಿದೆ, ಅಂಗಡಿಗಳಿಗೂ ವ್ಯಾಪಾರ ಬಂದಿದೆ.

ಆದರೆ ಅಂಗಡಿಯವರು ಲೆಕ್ಕ ಬಲ್ಲವರು, ಒಂದು ಲೆಕ್ಕ ಹಾಕೋಣ. ಒಂದು ರನ್‌ವೇ 4 ಸಾವಿರ ಮೀಟರ್ ಉದ್ದ, ಅಗಲ 45 ಮೀಟರ್ ಅಂತಿಟ್ಟುಕೊಳ್ಳಿ. ಒಂದು ಸಂಜೆ 50 ಮಿಲಿಮೀಟರ್, ಅಂದರೆ ಎರಡು ಇಂಚು ಮಳೆ ಬಂತು. ಆ ಒಂದು ಪಟ್ಟಿಯ ಮೇಲೆ ಬಿದ್ದ ನೀರೇ 90 ಲಕ್ಷ ಲೀಟರ್. 10 ಸಾವಿರ ಲೀಟರಿನ ಟ್ಯಾಂಕರಿಗೆ ತುಂಬಿದರೆ 900 ಲೋಡು! ವಿಮಾನ ನಿಲ್ಲುವ ಜಾಗ, ಟರ್ಮಿನಲ್ ಚಾವಣಿ, ರಸ್ತೆ, ಪಾರ್ಕಿಂಗ್ ಇದರಲ್ಲಿ ಸೇರಿಲ್ಲ. ರನ್‌ವೇ ಪಕ್ಕದ ಹುಲ್ಲುನೆಲ ಒಂದಿಷ್ಟು ಕುಡಿಯುತ್ತೆ, ಒಪ್ಪೋಣ. ಹಿಂದೆ ಹೊಲವಾಗಿದ್ದಾಗ ಕೆಂಪು ಮಣ್ಣು ತನ್ನ ಪಾಲು ಕುಡಿದು ಮಿಕ್ಕದ್ದನ್ನು ನಿಧಾನಕ್ಕೆ ಬಿಡುತ್ತಿತ್ತು. ಕಾಂಕ್ರೀಟಿಗೆ ಆ ತಾಳ್ಮೆ ಎಲ್ಲಿ?

ನೀರಿನ ದಾರಿಗೆ ಅಡ್ಡ ಬಂದರೆ ಏನಾಗುತ್ತೆ ಅನ್ನೋದಕ್ಕೆ ಮುಂಬಯಿ ನೋಡಿ. ಅಲ್ಲಿ ಮೀಠಿ ನದಿಯನ್ನೇ ರನ್‌ವೇಗೋಸ್ಕರ ತಿರುಗಿಸಿ ಬಗ್ಗಿಸಿದ್ದರು. 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನದಿ ಬಗ್ಗಲಿಲ್ಲ, ಊರೇ ಮುಳುಗಿತು. ಕೊಚ್ಚಿ ವಿಮಾನ ನಿಲ್ದಾಣ 2018ರ ಆಗಸ್ಟ್ ಪ್ರವಾಹದಲ್ಲಿ ಎರಡು ವಾರ ಬಾಗಿಲು ಹಾಕಿತ್ತು.

ಇದು ನೀರಿನ ಪ್ರಮಾಣದ ಮಾತಾಯ್ತು. ಗುಣದ ಮಾತು ಬೇರೆ. ಮೊದಲ ಮಳೆಯ ಮಾಡಿನ ನೀರನ್ನು ಕೊಡಕ್ಕೆ ಹಿಡೀಬೇಡ ಅಂತ ಅಜ್ಜಿ ಹೇಳ್ತಿರಲಿಲ್ಲವೆ? ತಿಂಗಳುಗಟ್ಟಲೆ ಕೂತ ಕೊಳೆಯೆಲ್ಲ ಮೊದಲ ನೀರಲ್ಲೇ ಇಳಿದು ಬರುತ್ತೆ. ಯಾವುದೇ ವಿಮಾನ ನಿಲ್ದಾಣದಲ್ಲೂ ಹಾಗೇ. ಚಕ್ರ ನೆಲ ಮುಟ್ಟಿದಾಗ ಅಂಟಿದ ರಬ್ಬರು, ವಿಮಾನಕ್ಕೆ ಇಂಧನ ತುಂಬುವಾಗ ಚೆಲ್ಲಿದ್ದು, ಗಾಡಿಗಳ ಆಯಿಲ್ಲು, ತೊಳೆಯುವ ಸೋಪು. ಬೆಂಕಿ ಆರಿಸುವ ಕೆಲವು ಬಗೆಯ ನೊರೆಯಲ್ಲಿನ ರಾಸಾಯನಿಕಗಳಂತೂ ನೀರು ಸೇರಿದರೆ ವರ್ಷಗಟ್ಟಲೆ ಕರಗದೆ ಉಳಿಯುವಂಥವು. ಹೊಸ ಕಾಮಗಾರಿ ನಡೆಯುವಾಗ ಇವೆಲ್ಲಕ್ಕಿಂತ ಜಾಸ್ತಿ ಬರೋದು ಮಣ್ಣು. ಅಗೆದ ಮಣ್ಣು ಕಾಲುವೆ ಹಿಡಿದು ಬಂದು ಕೆರೆಯಲ್ಲಿ ಹೂಳಾಗಿ ಕೂತರೆ, ಅಷ್ಟು ನೀರಿಗೆ ಜಾಗ ಹೋದ ಹಾಗೇ. ನಮ್ಮ ನಿಲ್ದಾಣದಿಂದ ವಿಷ ಬರುತ್ತಿದೆ ಅಂತ ಈ ಅಂಕಣ ಹೇಳುತ್ತಿಲ್ಲ. ಬರುತ್ತಿಲ್ಲ ಅನ್ನೋದನ್ನು ಅಳೆದು ತೋರಿಸಿ, ಆ ಕಾಗದವನ್ನು ಊರಿನವರ ಕೈಗೂ ಕೊಡಿ ಅನ್ನುತ್ತಿದೆ, ಅಷ್ಟೆ.

ಅಳೆಯಿರಿ ಅನ್ನೋದಕ್ಕೆ ಹಕ್ಕಿದೆಯೇ? ಇದೆ. 1974ರ ಜಲ ಮಾಲಿನ್ಯ ಕಾಯಿದೆಯಲ್ಲಿ 'ತೊರೆ' ಅಂದರೆ ಯಾವುದು ಅಂತ ವಿವರಣೆ ಕೊಟ್ಟಿದ್ದಾರೆ. ಹರಿಯುತ್ತಿರುವ ನೀರಿನ ದಾರಿ ಮಾತ್ರವಲ್ಲ, ಸದ್ಯಕ್ಕೆ ಒಣಗಿರುವ ದಾರಿಯೂ ತೊರೆಯೇ. ನೆಲದೊಳಗಿನ ನೀರೂ ಸೇರಿದೆ. ಅಂದಮೇಲೆ, ಬೇಸಿಗೆಯಲ್ಲಿ ಹುಡುಗರು ಕ್ರಿಕೆಟ್ ಆಡುವ ಹಳ್ಳವೂ ಕಾನೂನಿನ ಕಣ್ಣಲ್ಲಿ ಜೀವಂತ! 24ನೇ ಕಲಮಿನ ಪ್ರಕಾರ ಗೊತ್ತಿದ್ದೂ ಅದಕ್ಕೆ ಮಲಿನ ವಸ್ತು ಬಿಡುವಂತಿಲ್ಲ. 25ನೇ ಕಲಮಿನ ಪ್ರಕಾರ ಕೊಳಚೆ ಬಿಡಬೇಕಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಹೊರಗೆ ಬಿಡುವ ಕೊಳಚೆಗೆ ಅಳತೆಯೂ ಉಂಟು. ಕೆರೆ, ಹೊಳೆಗೆ ಸೇರುವಂಥದ್ದರಲ್ಲಿ ಎಣ್ಣೆ ಜಿಡ್ಡು ಲೀಟರಿಗೆ 10 ಮಿಲಿಗ್ರಾಂ ಮೀರಬಾರದು.

ತೊಡಕಿರೋದು ಇಲ್ಲೇ. ಶೌಚಾಲಯ, ಹೋಟೆಲಿನ ನೀರು ಪೈಪಿನಲ್ಲಿ ಹೋಗುತ್ತೆ, ಶುದ್ಧೀಕರಣ ಘಟಕವಿರುತ್ತೆ, ಅಳೆಯಲು ಒಂದು ಜಾಗ ಇರುತ್ತೆ. ಮಳೆನೀರು ಮಾತ್ರ 'ಬರೀ ಮಳೆನೀರು ತಾನೆ' ಅನ್ನಿಸಿಕೊಂಡು ಹೋಗಿಬಿಡುತ್ತೆ. ನೀವು ಬಾಟಲಿಯಲ್ಲಿ ತುಂಬಿಕೊಂಡು ಕೋರ್ಟಿಗೆ ಹೋದರೆ ನಡೆಯೋಲ್ಲ. ಮಂಡಳಿಯವರು ನೋಟಿಸ್ ಕೊಟ್ಟು, ಮಾದರಿಯನ್ನು ಎರಡು ಭಾಗ ಮಾಡಿ, ಸೀಲು ಹಾಕಿ, ಸಹಿ ಮಾಡಿಸಿದರೇ ಸಾಕ್ಷಿ. ಅವರು ಬರೋದರೊಳಗೆ ಮೊದಲ ಮಳೆಯ ನೀರು ಹೊಸಕೋಟೆ ದಾಟಿರುತ್ತೆ.

ಅಮೆರಿಕದ ಸಿಯಾಟಲ್ ಹತ್ತಿರದ ಸೀ-ಟ್ಯಾಕ್ ವಿಮಾನ ನಿಲ್ದಾಣದ ಕಥೆ ಕೇಳಿ. ಮೂರನೇ ರನ್‌ವೇ ಮಾಡಹೊರಟಾಗ ಅಡ್ಡ ಬಂದದ್ದು ಮಿಲ್ಲರ್, ವಾಕರ್, ಡಿ ಮೊಯಿನ್ ಅನ್ನುವ ಪುಟ್ಟ ತೊರೆಗಳು. ಜಲ ಗುಣಮಟ್ಟದ ಪ್ರಮಾಣಪತ್ರ ಇಲ್ಲದೆ ಮಣ್ಣು ತುಂಬುವಂತಿರಲಿಲ್ಲ. ಪತ್ರ ಸಿಕ್ಕಿದ ಮೇಲೂ ನೆರೆಹೊರೆಯವರು ಮೇಲ್ಮನವಿ ಹಾಕಿದರು. ತುಂಬುವ ಮಣ್ಣು ಎಷ್ಟು ಶುದ್ಧ, ಮಳೆನೀರು ಹೇಗೆ ಬಿಡ್ತೀರಿ ಅನ್ನುವ ಜಗಳ ಆ ರಾಜ್ಯದ ಸುಪ್ರೀಂ ಕೋರ್ಟಿನ ತನಕ ಹೋಗಿ, 2004ರಲ್ಲಿ ತೀರ್ಪಾಯಿತು. ರನ್‌ವೇ ನಿಲ್ಲಲಿಲ್ಲ, 2008ರ ನವೆಂಬರ್‌ನಲ್ಲಿ ತೆರೆಯಿತು. ಆದರೆ ಮಳೆನೀರಿಗೆ ಷರತ್ತು ಬಿತ್ತು.

ನಮ್ಮಲ್ಲಿ ಇನ್ನೊಂದು ಕಗ್ಗಂಟಿದೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಬೆಂಗಳೂರು ನಗರ, ಗ್ರಾಮಾಂತರ, ಚಿಕ್ಕಬಳ್ಳಾಪುರ ಕಡೆಯ 65 ಕೆರೆಗಳಿಗೆ ಬಿಡುವ ಏರ್ಪಾಡು. ಬೋರ್‌ವೆಲ್‌ಗೆ ಜೀವ ಬರಲಿ ಅನ್ನೋದು ಉದ್ದೇಶ, ಸರಿ. ಆದರೆ ಬೇಸಿಗೆಯಲ್ಲೂ ತುಂಬಿರುವ ಕೆರೆಗೆ ಮಳೆ ಬಂದಾಗ ಜಾಗ ಎಲ್ಲಿ? ಕೆರೆ ಕೆಟ್ಟರೆ ಯಾರನ್ನು ಹಿಡಿಯೋದು? ಯೋಜನೆಯ ಕಡೆ ಬೆರಳು ಮಾಡಿದರೆ ಮಳೆನೀರು ಅಂತಾರೆ, ಮಳೆನೀರಿನವರು ಲೇಔಟಿನವರು ಅಂತಾರೆ. ಎಲ್ಲರ ನೀರೂ ಕೆರೆಯಲ್ಲಿ ಬೆರೆತ ಮೇಲೆ ಯಾವ ಪ್ರಯೋಗಾಲಯಕ್ಕೂ ಪಾಲು ಹಂಚೋದು ಕಷ್ಟ. ಅಳೆಯಬೇಕಾದ್ದು ಕೆರೆಗೆ ಬೀಳುವ ಮೊದಲು, ಒಂದೊಂದು ಕಾಲುವೆಯ ಬಾಯಲ್ಲಿ.

ಈಗ ಪಂಚಾಯಿತಿ ಸದಸ್ಯರಿಗೆ ಎರಡು ಮಾತು. 2006ರ ಪರಿಸರ ಅಧಿಸೂಚನೆ ಪ್ರಕಾರ ವಿಮಾನ ನಿಲ್ದಾಣ ವಿಸ್ತರಿಸಲು ಮೊದಲೇ ಕೇಂದ್ರದ ಪರಿಸರ ಅನುಮತಿ ಬೇಕು. 2009ರ ತಿದ್ದುಪಡಿಯಂತೆ ಆ ಅನುಮತಿಪತ್ರದ ಪ್ರತಿ ಪಂಚಾಯಿತಿಗೂ ಬರಬೇಕು, ಬಂದ ದಿನದಿಂದ 30 ದಿನ ಜನರಿಗೆ ಕಾಣುವಂತೆ ಹಾಕಬೇಕು. ನಿಮ್ಮ ನೋಟಿಸ್ ಬೋರ್ಡಿನಲ್ಲಿ ಅಂಥ ಕಾಗದ ನೋಡಿದ್ದೀರಾ? ಕಪಾಟಿನಲ್ಲಿ ಇರಬಹುದು, ಹುಡುಕಿಸಿ. ಮಳೆನೀರಿನ ಬಗ್ಗೆ ಏನು ಷರತ್ತು ಹಾಕಿದ್ದಾರೆ ಅನ್ನೋದು ಅದರಲ್ಲೇ ಇರುತ್ತೆ. ಷರತ್ತು ಪಾಲಿಸಿದ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಅದು ಗುಟ್ಟಿನ ಕಡತವಲ್ಲ, ಸಾರ್ವಜನಿಕ ದಾಖಲೆ. ಅರ್ಜಿ ಕೊಟ್ಟ ಯಾರಿಗಾದರೂ ಪ್ರತಿ ಕೊಡಬೇಕು ಅಂತ ಅಧಿಸೂಚನೆಯಲ್ಲೇ ಇದೆ. ಅರ್ಜಿ ಬರೆಯುವಾಗ ಹಳ್ಳದ ಹೆಸರು, ಕೆರೆಯ ಹೆಸರು, ಸರ್ವೆ ನಂಬರು ಬರೆಯಿರಿ. ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳೋದನ್ನು ಮರೆಯಬೇಡಿ.