ಕೆಲಸ ‘ಇನ್’ನಲ್ಲೋ, ‘ಅಟ್’ನಲ್ಲೋ?

ಬ್ಯಾಂಕಿನಲ್ಲಿ, ಇನ್ಫೋಸಿಸ್‌ನಲ್ಲಿ, ಕಾಫಿ ತೋಟದಲ್ಲಿ, ಹೊಸ ಪ್ರಾಜೆಕ್ಟಿನಲ್ಲಿ. ಎಲ್ಲಿ ಕೆಲಸವೆಂದು ಹೇಳಲು ಕನ್ನಡಕ್ಕೆ ಸಪ್ತಮಿಯ ‘ಅಲ್ಲಿ’ ಒಂದಿದ್ದರೆ ಸಾಕು. ಹಳಗನ್ನಡದಲ್ಲಿ ಆ ಜಾಗದಲ್ಲಿ ‘ಒಳ್’ ಇತ್ತು. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಏಳು ವಿಭಕ್ತಿಗಳ ಸಾಲಿನ ಕೊನೆಗೆ ಕೂರಿಸಿದ್ದು ಅದನ್ನೇ. ಈ ರೂಢಿಯಲ್ಲೇ ಇಂಗ್ಲಿಷಿಗೆ ಇಳಿದವರು ಎಲ್ಲಕ್ಕೂ ‘ಇನ್’ ಹಚ್ಚುತ್ತಾರೆ: ‘ಐ ಆ್ಯಮ್ ವರ್ಕಿಂಗ್ ಇನ್ ಇನ್ಫೋಸಿಸ್’. ಬೆಂಗಳೂರಿನಲ್ಲಿ ಇದು ಯಾರ ಕಿವಿಗೂ ಚುಚ್ಚುವುದಿಲ್ಲ. ಇಂಗ್ಲೆಂಡ್, ಅಮೆರಿಕದವರು ಮಾತ್ರ ‘ಐ ವರ್ಕ್ ಅಟ್ ಇನ್ಫೋಸಿಸ್’ ಎನ್ನುತ್ತಾರೆ.

ಸಂಸ್ಥೆಯ ಹೆಸರು ಹೇಳಿದರೆ ‘ಅಟ್’. ಹೆಸರೆತ್ತದೆ ಎಂಥ ಜಾಗವೆಂದಷ್ಟೇ ತಿಳಿಸುವಾಗ ‘ಇನ್ ಎ ಬ್ಯಾಂಕ್’. ಊರು, ವಿಭಾಗ, ಕ್ಷೇತ್ರಕ್ಕೂ ‘ಇನ್’. ಕೈಯಲ್ಲಿರುವ ಪ್ರಾಜೆಕ್ಟಿಗೆ ‘ಆನ್’. ಕೊಡಗಿನ ಕಾಫಿ ಎಸ್ಟೇಟು, ಫಾರ್ಮು, ಕಟ್ಟಡ ಏಳುತ್ತಿರುವ ಸೈಟು, ಇಂಥ ಬಯಲಿನ ಕೆಲಸಕ್ಕೂ ‘ಆನ್’ ಬರುತ್ತದೆ. ಹಾಗಾದರೆ ಹೂದೋಟಕ್ಕೇಕೆ ‘ಇನ್’? ಸುತ್ತ ಬೇಲಿಯಿದೆ ಎಂದು ಸಮಜಾಯಿಷಿ ಕೊಡಬಹುದು. ಎಸ್ಟೇಟಿಗೂ ಬೇಲಿ ಇದೆಯಲ್ಲ! ಇಲ್ಲಿ ತರ್ಕ ಹುಡುಕುವುದಕ್ಕಿಂತ ಬಾಯಿಪಾಠವೇ ಲೇಸು.

ನಿಜವಾದ ಸ್ವಾರಸ್ಯ ಇರುವುದು ‘ಫಾರ್’ನಲ್ಲಿ. ಕುರ್ಚಿ ಎಲ್ಲಿದೆ ಎಂಬುದನ್ನು ‘ಅಟ್’ ಹೇಳಿದರೆ, ಸಂಬಳ ಯಾರದು ಎಂಬುದನ್ನು ‘ಫಾರ್’ ಹೇಳುತ್ತದೆ. ಕಾಯಂ ನೌಕರರಿಗೆ ಎರಡೂ ಒಂದೇ ಆದ್ದರಿಂದ ಅವರು ಯಾವುದನ್ನು ಬಳಸಿದರೂ ನಡೆದೀತು. ಆದರೆ ಟೆಕ್ ಪಾರ್ಕಿನ ಗೇಟು ಕಾಯುವ ಸೆಕ್ಯುರಿಟಿಯವರನ್ನು, ಹೌಸ್‌ಕೀಪಿಂಗ್ ಹೆಂಗಸರನ್ನು, ಬೇರೆ ಕಂಪನಿಯ ಪೇರೋಲ್‌ನಲ್ಲಿದ್ದು ಇಲ್ಲಿ ಕೂತು ಕೋಡ್ ಬರೆಯುವ ಎಂಜಿನಿಯರನ್ನು ನೋಡಿ. ದಿನವಿಡೀ ದುಡಿಯುವುದು ದೊಡ್ಡ ಕಂಪನಿಯ ಆವರಣದಲ್ಲಿ, ಸಂಬಳ ಬರುವುದು ಏಜೆನ್ಸಿಯಿಂದ. ಇಂಗ್ಲಿಷಿನಲ್ಲಿ ಅವರು ದೊಡ್ಡ ಕಂಪನಿಗೆ ‘ಅಟ್’, ಏಜೆನ್ಸಿಗೆ ‘ಫಾರ್’. ನಮ್ಮ ‘ಅಲ್ಲಿ’ ಈ ಅಂತರವನ್ನು ಮುಚ್ಚಿಬಿಡುತ್ತದೆ. ‘ಕಾಂಟ್ರ್ಯಾಕ್ಟ್ ಮೇಲೆ ಇದ್ದೀನಿ’ ಎಂದು ಇನ್ನೊಂದು ಮಾತು ಸೇರಿಸಿದರಷ್ಟೇ ವಿಷಯ ತಿಳಿಯುವುದು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಪ್ರಧಾನ ಮಾಲೀಕ ಬೇರೆ, ಗುತ್ತಿಗೆದಾರ ಬೇರೆ ಎಂದು ಗೆರೆ ಎಳೆದದ್ದೂ ಇಲ್ಲಿಯೇ.

ಕಂಪನಿಯ ಹೆಸರಿಗೆ ‘ವಿತ್’ ಹಚ್ಚಿದರೆ ಗೌರವ ಹೆಚ್ಚೆಂದು ನಮ್ಮಲ್ಲಿ ಹಲವರ ನಂಬಿಕೆ. ಆದರೆ ಅದು ಚೆನ್ನಾಗಿ ಒಪ್ಪುವುದು ಸಹೋದ್ಯೋಗಿಗಳಿಗೆ, ಗ್ರಾಹಕರಿಗೆ.

ಏಜೆನ್ಸಿ ಮೂಲಕ ದುಡಿದವರು ರೆಸ್ಯೂಮೆ ಬರೆಯುವಾಗ ‘ಫಾರ್’ನ ಮುಂದೆ ದೊಡ್ಡ ಕಂಪನಿಯ ಹೆಸರು ಹಾಕಬೇಡಿ. ಹಿನ್ನೆಲೆ ಪರಿಶೀಲಿಸುವವರು ನೋಡುವುದು ಸಂಬಳದ ಚೀಟಿಯ ಮೇಲಿರುವ ಹೆಸರನ್ನು.