ಒಳಗೆ ಬರೋವಾಗಿನ ಜಗಳ: ಕರಗಿದ ಪ್ಲಾಸ್ಟಿಕ್ ಮತ್ತು ಕಿರಿದಾಗುವ ದಾರಿ

ಗೋಕುಲಾಷ್ಟಮಿ ಹತ್ತಿರ ಬಂತು ಅಂದ್ರೆ ಮುಹೈಸ್ನಾದ ನಮ್ಮ ಮನೆಯಲ್ಲಿ ಚಕ್ಕುಲಿ ಒರಳು ಅಟ್ಟದಿಂದ ಇಳಿಯುತ್ತೆ. ಹಿಟ್ಟು ಕಲಸೋದು ಅಮ್ಮ, ಒತ್ತೋದು ನಾನು, ರುಚಿ ನೋಡೋದು ಅಪ್ಪ. ಈ ಸಲ ಚಕ್ಕುಲಿ ಮುಗಿದ ಮೇಲೆ ಉಳಿದ ಹಿಟ್ಟನ್ನು ಸೇವೆ ಥರ ಒತ್ತೋಣ ಅಂತ ಅಮ್ಮ ಬಿಲ್ಲೆ ಬದಲಾಯಿಸಿ ಸಣ್ಣ ತೂತಿನದು ಹಾಕಿಕೊಟ್ಟರು. ಹಿಟ್ಟು ಅದೇ, ಒರಳು ಅದೇ, ಒತ್ತುವ ಕೈಯೂ ಅದೇ. ಆದರೆ ಎರಡನೇ ಸುತ್ತಿಗೇ ತೋಳು ಸೋತುಹೋಯಿತು.

ನಿಮಗೊಂದು ಪ್ರಶ್ನೆ. ಆ ಬಿಲ್ಲೆಯ ದಪ್ಪ ಒಂದು ಮಿಲಿಮೀಟರ್ ಇದ್ದೀತು, ಹೆಚ್ಚೆಂದರೆ ಎರಡು. ಹಿಟ್ಟು ತೂತಿನ ಗೋಡೆಗೆ ಉಜ್ಜಿಕೊಂಡು ಹೋಗುವ ದೂರವೂ ಅಷ್ಟೇ. ಹಾಗಿದ್ದರೆ ನನ್ನ ತೋಳಿನ ಶಕ್ತಿಯೆಲ್ಲ ಎಲ್ಲಿ ಖರ್ಚಾಯಿತು?

ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ನಾನು ಜೂನ್ ತಿಂಗಳಲ್ಲಿ ಒಂದು ಎಡವಟ್ಟು ಮಾಡಿದ್ದೆ. ಅದನ್ನು ಮೊದಲು ಹೇಳಿಬಿಡ್ತೀನಿ.

ನನ್ನ ಲೆಕ್ಕ 90, ಮೀಟರ್ 160

ಊರಿನಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿ ಈಗ ಮಾಸ್ಟರ್ಸ್ ಓದ್ತಾ ಇದ್ದೀನಿ. ರಜೆಯಲ್ಲಿ ನಮ್ಮ ಮನೆಗೆ ಹತ್ತಿರದ ಒಂದು ಸಣ್ಣ ಪ್ಲಾಸ್ಟಿಕ್ ಮರುಬಳಕೆ ಘಟಕದಲ್ಲಿ ಎರಡು ತಿಂಗಳು ಇಂಟರ್ನ್ ಆಗಿದ್ದೆ. ಹಳೆಯ ಪ್ಯಾಕಿಂಗ್ ಹಾಳೆಗಳನ್ನು ತೊಳೆದು, ಕರಗಿಸಿ, ಮತ್ತೆ ಕಾಳು ಮಾಡೋದು ಅಲ್ಲಿನ ಕೆಲಸ. ಎಕ್ಸ್‌ಟ್ರೂಡರ್ ಅಂದರೆ ಬಿಸಿ ಕೊಳವೆಯೊಳಗೆ ತಿರುಗುವ ದೊಡ್ಡ ಸ್ಕ್ರೂ. ಅದು ಪ್ಲಾಸ್ಟಿಕ್ಕನ್ನು ಕರಗಿಸಿ ಮುಂದಕ್ಕೆ ನೂಕುತ್ತೆ. ತುದಿಯಲ್ಲಿ ತೂತುಗಳಿರುವ ಒಂದು ಉಕ್ಕಿನ ಅಚ್ಚು. ಅದರಿಂದ ಎಳೆಗಳು ಬಂದು ನೀರಿನಲ್ಲಿ ತಣಿಯುತ್ತವೆ, ಆಮೇಲೆ ಕತ್ತರಿಸಿದರೆ ಕಾಳು. ಒಟ್ಟಿನಲ್ಲಿ ಮೋಟಾರ್ ಇರುವ ಚಕ್ಕುಲಿ ಒರಳು.

ಕಾಳು ಸಣ್ಣದಾಗಬೇಕು ಅಂತ ಗಿರಾಕಿ ಕೇಳಿದ್ದರು. ಮೊದಲಿದ್ದದ್ದು 4 ಮಿ.ಮೀ. ವ್ಯಾಸದ 8 ತೂತು. ನಾನು 3 ಮಿ.ಮೀ.ನ 12 ತೂತಿನ ಅಚ್ಚು ಸೂಚಿಸಿದೆ. ಕೊಳವೆಯ ಸೂತ್ರ ಹಾಕಿ, ಒತ್ತಡ 90 ಬಾರ್ ಬರುತ್ತೆ ಅಂತ ಎಕ್ಸೆಲ್ ಹಾಳೆಯಲ್ಲಿ ತೋರಿಸಿದೆ. ಎಲ್ಲರೂ ಒಪ್ಪಿದರು.

ಯಂತ್ರ ನಡೆಸೋರು ಬಾಗಲಕೋಟೆ ಕಡೆಯ ಒಬ್ಬ ಅಣ್ಣ. ವಾಸ ಮುಹೈಸ್ನಾ 2ರಲ್ಲಿ, ಅಂದರೆ ಎಲ್ಲರೂ ಸೋನಾಪುರ ಅಂತ ಕರೆಯುವ ಕಾರ್ಮಿಕರ ವಸತಿಗಳ ಕಡೆ. ನಾವಿರೋದು ಮುಹೈಸ್ನಾ 4ರಲ್ಲಿ. ಹೆಸರು ಒಂದೇ, ಬದುಕು ಬೇರೆ. ಅವರು ಹೊಸ ಅಚ್ಚನ್ನು ಕೈಯಲ್ಲಿ ತಿರುಗಿಸಿ ನೋಡಿ, "ತಮ್ಮಾ, ಚಾಲೂ ಮಾಡೂಮುಂದ ಅಚ್ಚಿನ ಎದುರಿಗೆ ನಿಂದ್ರಬ್ಯಾಡ, ಬಾಜೂಕ ಬಾ" ಅಂದರು. ನಾನು ಲೆಕ್ಕದ ಹಾಳೆ ಹಿಡಿದು ಎದುರಿಗೇ ನಿಂತಿದ್ದೆ. ಅವರು ಭುಜ ಹಿಡಿದು ಪಕ್ಕಕ್ಕೆ ಎಳೆದರು.

ಮೀಟರ್ 90 ದಾಟಿತು. 120 ಆಯಿತು. 150ಕ್ಕೆ ಅಲಾರಂ ಹೊಡೆಯಿತು. 160ರ ಹತ್ತಿರ ಹೋದಾಗ ಅಚ್ಚಿನ ಜೋಡಣೆಯ ಸಂದಿನಿಂದ ಕರಗಿದ ಪ್ಲಾಸ್ಟಿಕ್ ಪಿಚಕಾರಿಯ ಹಾಗೆ ಚಿಮ್ಮಿತು. ಅಷ್ಟರಲ್ಲಿ ಅಣ್ಣ ಕೆಂಪು ಬಟನ್ ಒತ್ತಿದ್ದರು. ನಾನು ಮೊದಲು ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಅಂಗೈಯಗಲದ ಮುದ್ದೆ ಬಿದ್ದು ಹೊಗೆಯಾಡ್ತಾ ಇತ್ತು. ಅದರ ಬಿಸಿ ಸುಮಾರು 200 ಡಿಗ್ರಿ. ಅದು ಚರ್ಮಕ್ಕೆ ಬಿದ್ದರೆ ಬಿಸಿನೀರಿನ ಹಾಗೆ ಹರಿದು ಹೋಗಲ್ಲ, ಅಂಟಿಕೊಂಡು ಸುಡ್ತಾನೇ ಇರುತ್ತೆ. ಯಾರಿಗೂ ಏನೂ ಆಗಲಿಲ್ಲ. ಆ ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ಸೂತ್ರದಲ್ಲಿ ಏನಿತ್ತು

ನಾನು ಹಾಕಿದ್ದು ಎಲ್ಲ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಗೊತ್ತಿರುವ ಹೇಗನ್–ಪ್ವಾಸೆಯ್ ನಿಯಮದ ತಮ್ಮ. 1839–40ರ ಸುಮಾರಿಗೆ ಜರ್ಮನಿಯ ಹೇಗನ್ ಮತ್ತು ಫ್ರಾನ್ಸಿನ ವೈದ್ಯ ಪ್ವಾಸೆಯ್ ಬೇರೆಬೇರೆಯಾಗಿ ಕಂಡುಕೊಂಡದ್ದು. ನೀರು, ಎಣ್ಣೆಯಂಥ ದ್ರವ ಉದ್ದನೆಯ ಕೊಳವೆಯಲ್ಲಿ ನಿಧಾನವಾಗಿ ಹರಿಯುವಾಗ, ಹರಿವು ಅಷ್ಟೇ ಇಟ್ಟು ಕೊಳವೆಯ ವ್ಯಾಸವನ್ನು ಅರ್ಧ ಮಾಡಿದರೆ, ಬೇಕಾಗುವ ಒತ್ತಡ 16 ಪಟ್ಟು.

ಕರಗಿದ ಪ್ಲಾಸ್ಟಿಕ್ ಇದಕ್ಕಿಂತ ಸ್ವಲ್ಪ ಕರುಣಾಮಯಿ. ಅದರೊಳಗಿನ ಉದ್ದುದ್ದ ಅಣುಸರಪಳಿಗಳು ಬೇಯಿಸಿದ ಶ್ಯಾವಿಗೆಯ ಹಾಗೆ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಜೋರಾಗಿ ಹರಿಸಿದಷ್ಟೂ ಗೋಡೆಯ ಹತ್ತಿರ ಸಿಕ್ಕು ಬಿಡಿಸಿಕೊಂಡು ಹರಿವಿನ ದಿಕ್ಕಿಗೆ ವಾಲುತ್ತವೆ, ಸ್ನಿಗ್ಧತೆ ಇಳಿಯುತ್ತೆ. ಹಾಗಾಗಿ ಹಾಳೆ ಮಾಡುವ ಎಲ್‌ಡಿಪಿಇ ಥರದ ಪ್ಲಾಸ್ಟಿಕ್ಕಿಗೆ 16 ಪಟ್ಟಿನ ಬದಲು ಸುಮಾರು 4ರಿಂದ 5 ಪಟ್ಟು ಸಾಕು. ಈ ತಿದ್ದುಪಡಿಯನ್ನು ನಾನು ಮಾಡಿದ್ದೆ. ಅಲ್ಲಿ ತಪ್ಪಿರಲಿಲ್ಲ.

ತಪ್ಪಿದ್ದು ಬೇರೆ ಕಡೆ. ನನ್ನ ಸೂತ್ರ ತೂತಿನ *ಒಳಗೆ* ಆಗುವ ಉಜ್ಜಾಟವನ್ನು ಮಾತ್ರ ಲೆಕ್ಕ ಹಾಕುತ್ತಿತ್ತು. ತೂತಿಗೆ *ಬಂದು ಸೇರುವ* ಖರ್ಚು ಅದರಲ್ಲಿ ಇರಲೇ ಇಲ್ಲ. ಮಾರನೇ ದಿನ ಚಹಾ ಕುಡೀವಾಗ ಅಣ್ಣ ಹೇಳಿದ್ದೂ ಅದನ್ನೇ: "ಮಾಲು ಒಳಗ ಬರೂಮುಂದ ಜಗಳಾಡ್ತದ ತಮ್ಮಾ. ಒಳಗ ಬಂದ ಮ್ಯಾಲ ಸುಮ್ಮ ಹೊಕ್ಕೈತಿ."

ಜಗಳ ಯಾಕೆ

ಅಗಲವಾದ ದಾರಿ ಕಿರಿದಾಗುವ ಕಡೆ ದ್ರವ ಓಡಲೇಬೇಕು. ವ್ಯಾಸ 10 ಮಿ.ಮೀ. ಇದ್ದದ್ದು 2 ಮಿ.ಮೀ. ಆದರೆ ವಿಸ್ತೀರ್ಣ 25ನೇ ಒಂದು ಭಾಗ ಆಗುತ್ತೆ. ಹಾಗಾಗಿ ವೇಗ 25 ಪಟ್ಟು ಹೆಚ್ಚಬೇಕು. ಮುಂದಿನ ತುದಿ ಓಡ್ತಾ ಇದೆ, ಹಿಂದಿನ ತುದಿ ಇನ್ನೂ ನಿಧಾನ. ನಡುವೆ ಇರುವ ತುಣುಕು 25 ಪಟ್ಟು ಉದ್ದಕ್ಕೆ ಎಳೆಯಲ್ಪಡುತ್ತೆ. ಇದು ಉಜ್ಜಾಟ ಅಲ್ಲ, *ಎಳೆತ*.

ಎಳೆತಕ್ಕೆ ಬೇರೆಯದೇ ಸ್ನಿಗ್ಧತೆ ಇದೆ. 1906ರಲ್ಲಿ ಟ್ರೌಟನ್ ಎಂಬ ವಿಜ್ಞಾನಿ ಪಿಚ್‌ನಂಥ ಗಟ್ಟಿ ದ್ರವಗಳನ್ನು ಎಳೆದು ನೋಡಿ, ಸಾಮಾನ್ಯ ದ್ರವದ ಎಳೆತದ ಸ್ನಿಗ್ಧತೆ ಅದರ ಉಜ್ಜಾಟದ ಸ್ನಿಗ್ಧತೆಯ 3 ಪಟ್ಟು ಅಂತ ತೋರಿಸಿದ. ಕರಗಿದ ಪಾಲಿಮರ್‌ನಲ್ಲಿ ಈ ಅನುಪಾತ 3ಕ್ಕೆ ನಿಲ್ಲೋದಿಲ್ಲ, ಹತ್ತಾರು ಪಟ್ಟು ಹೋಗಬಹುದು. ಯಾಕಂದರೆ ಉಜ್ಜಿದಾಗ ಸರಪಳಿಗಳು ಒಂದರ ಮೇಲೊಂದು ಜಾರಿಕೊಳ್ತವೆ, ಎಳೆದಾಗ ಸಿಕ್ಕುಗಳು ಬಿಗಿಯುತ್ತವೆ. ಎಲ್‌ಡಿಪಿಇಯಲ್ಲಂತೂ ಸರಪಳಿಗಳಿಗೆ ಮರದ ಹಾಗೆ ಉದ್ದನೆಯ ಕೊಂಬೆಗಳಿವೆ. ಕೊಂಬೆಗೆ ಕೊಂಬೆ ಸಿಕ್ಕಿದರೆ ಎಳೆದಷ್ಟೂ ಗಟ್ಟಿಯಾಗ್ತಾ ಹೋಗುತ್ತೆ.

ಚಕ್ಕುಲಿ ಹಿಟ್ಟು ಕರಗಿದ ಪ್ಲಾಸ್ಟಿಕ್ ಅಲ್ಲ, ಅದರ ನಿಯಮ ಸ್ವಲ್ಪ ಬೇರೆ. ಆದರೂ ತೆಳು ಬಿಲ್ಲೆಯ ಪ್ರಶ್ನೆಗೆ ಉತ್ತರ ಇದೇ ಜಾತಿಯದು. ತೋಳಿನ ಶಕ್ತಿ ಬಹುಪಾಲು ಖರ್ಚಾಗೋದು ಬಿಲ್ಲೆಯ ಮೇಲೆ, ಅಗಲದ ಮುದ್ದೆ ಸಣ್ಣ ಎಳೆಗಳಾಗಿ ಹಿಂಡಿಕೊಳ್ಳುವ ಜಾಗದಲ್ಲಿ.

ಅಳೆಯೋದು ಹೇಗೆ

ಇದನ್ನು ಬೇರ್ಪಡಿಸಿ ಅಳೆಯುವ ಸುಲಭದ ಉಪಾಯವನ್ನು 1957ರಲ್ಲಿ ಇ. ಬಿ. ಬ್ಯಾಗ್ಲಿ ಪಾಲಿಎಥಿಲೀನ್ ಮೇಲೆ ಮಾಡಿ ತೋರಿಸಿದರು. ಒಂದೇ ವ್ಯಾಸದ, ಬೇರೆಬೇರೆ ಉದ್ದದ ಮೂರು ಅಚ್ಚು ತಗೊಳ್ಳಿ. ಒಂದೇ ಹರಿವಿನಲ್ಲಿ ಮೂರರ ಒತ್ತಡ ಅಳೆಯಿರಿ. ಲೆಕ್ಕ ಅರ್ಥವಾಗಲಿ ಅಂತ ಕೆಲವು ಸಂಖ್ಯೆ ಹಾಕಿಕೊಳ್ಳೋಣ. ವ್ಯಾಸ 2 ಮಿ.ಮೀ. ಇರಲಿ:

10 ಮಿ.ಮೀ. ಉದ್ದಕ್ಕೆ 35 ಬಾರ್
20 ಮಿ.ಮೀ. ಉದ್ದಕ್ಕೆ 55 ಬಾರ್
40 ಮಿ.ಮೀ. ಉದ್ದಕ್ಕೆ 95 ಬಾರ್

ಪ್ರತಿ ಮಿಲಿಮೀಟರಿಗೆ 2 ಬಾರ್ ಏರ್ತಾ ಇದೆ. ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು ಹಿಂದಕ್ಕೆ ಬನ್ನಿ. ಉದ್ದ ಸೊನ್ನೆ ಆದಾಗ ಒತ್ತಡ ಸೊನ್ನೆ ಆಗಬೇಕಿತ್ತು, ಆಗಲ್ಲ. 15 ಬಾರ್ ಉಳಿಯುತ್ತೆ. ತೂತಿಗೆ ಉದ್ದವೇ ಇಲ್ಲದಿದ್ದರೂ ಕೊಡಬೇಕಾದ ಸುಂಕ ಅದು. ಹೊರಬರುವಾಗಿನ ಸಣ್ಣ ನಷ್ಟವೂ ಇದರಲ್ಲಿ ಸೇರಿರುತ್ತೆ, ಆದರೆ ದೊಡ್ಡ ಪಾಲು ಪ್ರವೇಶದ್ದೇ.

ಈ 15 ಬಾರ್ ಅಂದರೆ ಅಚ್ಚನ್ನು 7.5 ಮಿ.ಮೀ. ಉದ್ದ ಮಾಡಿದ್ದಕ್ಕೆ ಸಮ. ಇದೇ ಜಾಗದಲ್ಲಿ ನಿಧಾನವಾಗಿ ಹರಿಯುವ ಸಾಮಾನ್ಯ ಗಟ್ಟಿ ಎಣ್ಣೆ ಇದ್ದಿದ್ದರೆ ಎರಡು ತುದಿಯ ನಷ್ಟವೂ ಸೇರಿ ಸುಮಾರು 1.2 ಮಿ.ಮೀ.ಗೆ ಸಮ ಆಗುತ್ತಿತ್ತು, ಅಷ್ಟೇ. ಅದಕ್ಕೇ ನೀರು, ಎಣ್ಣೆಯ ಪಾಠದಲ್ಲಿ ಇದನ್ನು ಯಾರೂ ದೊಡ್ಡದು ಮಾಡಲ್ಲ.

ಇನ್ನೊಂದು ಗಮನಿಸಿ. 40 ಮಿ.ಮೀ. ಅಚ್ಚಿನಲ್ಲಿ ಈ ಸುಂಕ ಒಟ್ಟು ಒತ್ತಡದ ಶೇ. 16. ಮರೆತರೂ ನಡೆದೀತು. 10 ಮಿ.ಮೀ. ಅಚ್ಚಿನಲ್ಲಿ ಶೇ. 43. ಮರೆತರೆ ಜೋಡಣೆಯ ಸಂದಿನಿಂದ ಪ್ಲಾಸ್ಟಿಕ್ ಚಿಮ್ಮುತ್ತೆ. ನನ್ನ ಅಚ್ಚಿನ ತೂತುಗಳು ಗಿಡ್ಡ. ನನ್ನ 90ಕ್ಕೂ ಮೀಟರಿನ 160ಕ್ಕೂ ಇದ್ದ ಅಂತರಕ್ಕೆಲ್ಲ ಇದೊಂದೇ ಕಾರಣ ಅನ್ನಲ್ಲ. ಮರುಬಳಕೆಯ ಮಾಲು ದಿನಕ್ಕೊಂದು ಥರ ಇರುತ್ತೆ. ಆದರೆ ದೊಡ್ಡ ಕಾರಣ ಇದೇ.

ಚೀಲದ ಮೇಲಿನ ನಂಬರ್

ಈ ದೇಶದಲ್ಲಿ ಪ್ಲಾಸ್ಟಿಕ್ ಕಾಳಿಗೇನೂ ಬರ ಇಲ್ಲ. ಅಬುಧಾಬಿ ಎಮಿರೇಟಿನ ಪಶ್ಚಿಮದ ರುವೈಸ್‌ನಲ್ಲಿರುವ ಬೊರೂಜ್ ಕಂಪನಿ 1998ರಲ್ಲಿ ಸ್ಥಾಪನೆಯಾಗಿ, 2001ರಿಂದ ಪಾಲಿಎಥಿಲೀನ್ ತಯಾರಿಸ್ತಾ ಇದೆ. ಯಾವುದೇ ಕಂಪನಿಯ ಕಾಳು ಕೊಂಡರೂ ಅದರ ಮಾಹಿತಿ ಹಾಳೆಯಲ್ಲಿ ಎಂಎಫ್‌ಐ ಅಂತ ಒಂದು ಸಂಖ್ಯೆ ಇರುತ್ತೆ. ಅಂಗಡಿಯಿಂದ ಲ್ಯಾಬ್‌ವರೆಗೆ ಎಲ್ಲರೂ ನಂಬೋದು ಅದನ್ನೇ.

ಅದನ್ನು ಅಳೆಯೋದು ಹೀಗೆ: ಪಾಲಿಎಥಿಲೀನನ್ನು 190 ಡಿಗ್ರಿಯಲ್ಲಿ ಕರಗಿಸಿ, ಸುಮಾರು 9.55 ಮಿ.ಮೀ. ಕೊಳವೆಯಲ್ಲಿಟ್ಟು, ಮೇಲೆ 2.16 ಕೆ.ಜಿ. ತೂಕ ಹೇರಿ, 10 ನಿಮಿಷಕ್ಕೆ ಎಷ್ಟು ಗ್ರಾಂ ಇಳಿಯುತ್ತೆ ಅಂತ ನೋಡ್ತಾರೆ. ಕೆಳಗಿನ ತೂತು 2.095 ಮಿ.ಮೀ. ವ್ಯಾಸ, ಉದ್ದ ಬರೀ 8 ಮಿ.ಮೀ. ಈಗ ನಿಮಗೇ ಹೊಳೆದಿರಬೇಕು. ವಿಸ್ತೀರ್ಣ ಸುಮಾರು 21 ಪಟ್ಟು ಕಿರಿದಾಗುವ, ಉದ್ದವೇ ಇಲ್ಲದ ಅಚ್ಚು. ಅಂದರೆ ಆ ಒಂದು ಸಂಖ್ಯೆಯಲ್ಲಿ ಉಜ್ಜಾಟವೂ ಎಳೆತವೂ ಕಲಸಿಹೋಗಿವೆ. ಮೇಲಾಗಿ ಅಲ್ಲಿ ಒತ್ತಡ ಸುಮಾರು 3 ಬಾರ್ ಮಾತ್ರ, ಕಾರ್ಖಾನೆಯಲ್ಲಿ ನೂರರ ಮೇಲೆ. ಹಾಗಾಗಿ ಎರಡು ಚೀಲದ ಎಂಎಫ್‌ಐ ಒಂದೇ ಇದ್ದರೂ, ಕೊಂಬೆಯಿರುವ ಎಲ್‌ಡಿಪಿಇ ಮತ್ತು ಉದ್ದ ಕೊಂಬೆಯಿಲ್ಲದ ಎಲ್‌ಎಲ್‌ಡಿಪಿಇ ನಿಮ್ಮ ಅಚ್ಚಿನಲ್ಲಿ ಒಂದೇ ಥರ ನಡೆದುಕೊಳ್ತವೆ ಅನ್ನೋ ಖಾತ್ರಿ ಇಲ್ಲ.

ಜಗಳ ಕಡಿಮೆ ಮಾಡೋದು

ಅಚ್ಚಿನ ಬಾಯಿ ಚಪ್ಪಟೆಯಾಗಿದ್ದರೆ ಎಲ್‌ಡಿಪಿಇ ತನಗೆ ಬೇಕಾದ ಆಲಿಕೆಯನ್ನು ತಾನೇ ಮಾಡಿಕೊಳ್ಳುತ್ತೆ. ನಡುವಿನದು ಆಲಿಕೆಯ ಆಕಾರದಲ್ಲಿ ತೂತಿಗೆ ಹೋಗುತ್ತೆ, ಮೂಲೆಯದು ಸುಳಿಯಾಗಿ ಅಲ್ಲೇ ಸುತ್ತುತ್ತಾ ಕೂರುತ್ತೆ. ಕೂತಲ್ಲೇ ಕೂತು ಬೆಂದದ್ದು ಕಂದಾಗಿ, ಯಾವಾಗಲೋ ಒಮ್ಮೆ ಕಪ್ಪು ಚುಕ್ಕೆಯಾಗಿ ಕಾಳಿನಲ್ಲಿ ಬರುತ್ತೆ. ಎಲ್‌ಎಲ್‌ಡಿಪಿಇಯಲ್ಲಿ ಈ ಸುಳಿ ಬಹಳ ಕಡಿಮೆ.

1972ರಲ್ಲಿ ಕಾಗ್ಸ್‌ವೆಲ್ ಎಂಬವರು ಈ ಪ್ರವೇಶದ ನಷ್ಟವನ್ನು ಉಜ್ಜಾಟದ ಪಾಲು, ಎಳೆತದ ಪಾಲು ಅಂತ ಎರಡಾಗಿ ಒಡೆದು ಲೆಕ್ಕ ಹಾಕುವ ದಾರಿ ತೋರಿಸಿದರು. ಅದು ಅಂದಾಜಿನ ಲೆಕ್ಕ, ಆದರೆ ಇವತ್ತಿಗೂ ಬಳಕೆಯಲ್ಲಿದೆ. ಅದರಿಂದ ಸಿಗುವ ಬುದ್ಧಿ ಇದು: ಬಾಯನ್ನು ಆಲಿಕೆಯ ಹಾಗೆ ಇಳಿಜಾರು ಮಾಡಿ. ಒಟ್ಟು ಎಳೆತ ಅಷ್ಟೇ ಇರುತ್ತೆ, 25 ಪಟ್ಟು ಅಂದರೆ 25 ಪಟ್ಟೇ. ಆದರೆ ಅದು ಗಬಕ್ಕನೆ ಆಗದೆ ನಿಧಾನಕ್ಕೆ ಆಗುತ್ತೆ. ಇಳಿಜಾರು ತೀರಾ ಉದ್ದವಾದರೆ ಮತ್ತೆ ಗೋಡೆಯ ಉಜ್ಜಾಟ ಏರುತ್ತೆ. ಎರಡರ ನಡುವೆ ಒಂದು ಕೋನ ಹುಡುಕಬೇಕು.

ನಾವು ಮಾಡಿದ್ದೂ ಅದನ್ನೇ. ತೂತು 12ರ ಬದಲು 16, ಪ್ರತಿ ತೂತಿಗೂ ಇಳಿಜಾರು ಬಾಯಿ. ಈ ಸಲ ಹಾಳೆಯಲ್ಲಿ ಪ್ರವೇಶದ ನಷ್ಟಕ್ಕೆ ಬೇರೆ ಕಾಲಂ ಇತ್ತು. ಚಾಲೂ ಮಾಡುವಾಗ ಅಚ್ಚಿನ ಮುಂದೆ ಯಾರೂ ನಿಲ್ಲದ ಹಾಗೆ ನೆಲದ ಮೇಲೆ ಹಳದಿ ಗೆರೆಯೂ ಬಂತು. ಅದು ಅಣ್ಣನ ಸಲಹೆ. ಮೀಟರ್ 110ರ ಆಸುಪಾಸಿನಲ್ಲಿ ನಿಂತಿತು. ಅಣ್ಣ ಮೀಟರ್ ನೋಡಿ, ನನ್ನ ಮುಖ ನೋಡಿ, "ಈಗ ಚಹಾ ಕುಡಿಯೂಣು ನಡಿ" ಅಂದರು.

ಸಂಘದಲ್ಲಿ ಇಂಟರ್ನ್‌ಶಿಪ್‌ಗೆ ಹೊರಟಿರುವ ತಮ್ಮ ತಂಗಿಯರು ಬಹಳ ಜನ ಇದ್ದೀರಿ. ಗಿಡ್ಡ ಅಚ್ಚು ಕಂಡರೆ ಪ್ರವೇಶದ ಲೆಕ್ಕ ಮೊದಲು ಕೇಳಿ. ಸೂತ್ರದಲ್ಲಿ ಅದು ಇಲ್ಲದಿದ್ದರೆ ಎರಡು ಉದ್ದದ ಅಚ್ಚಿನಲ್ಲಾದರೂ ಅಳೆದು ನೋಡಿ. ಯಂತ್ರದ ಹತ್ತಿರ ಹತ್ತು ವರ್ಷ ನಿಂತವರು ಪಕ್ಕಕ್ಕೆ ಬಾ ಅಂದರೆ, ಯಾಕೆ ಅಂತ ಆಮೇಲೆ ಕೇಳಿ. ಮೊದಲು ಪಕ್ಕಕ್ಕೆ ಹೋಗಿ.